ಸೇದಿದಷ್ಟೂ ಊರುವ ಒರತೆ

ಹೆರಿಗೆಯಾಗಿ ನಾಲ್ಕನೆಯ ರಾತ್ರಿ. ಮಗು ಗಂಟೆಗೊಮ್ಮೆ ಎದ್ದು ಅಳುತ್ತದೆ. ಈಗಷ್ಟೇ ಹಾಲು ಕುಡಿದು ಮಲಗಿದ್ದು, ಅರ್ಧ ಗಂಟೆಗೆಲ್ಲ ಮತ್ತೆ ಬಾಯಿ ತೆರೆಯುತ್ತದೆ. ಬಾಣಂತಿಯ ಕಣ್ಣಲ್ಲಿ ನೀರು. ಬಾಗಿಲ ಬಳಿ ನಿಂತ ಅಜ್ಜಿ, ‘ನಿನ್ನ ಹಾಲು ಸಾಲ್ತಾ ಇಲ್ಲ ಕಣೇ. ಕೂಸನ್ನ ಹೀಗೆ ಅಳಿಸಬೇಡ. ಬೆಳಗಾಗ್ಲಿ, ಒಂದು ಡಬ್ಬ ಹಾಲಿನ ಪುಡಿ ತರಿಸೋಣ’ ಎನ್ನುತ್ತಾರೆ. ಬೆಳಗಾಗುವುದರೊಳಗೆ ಮನೆಯ ಗಂಡಸರು ಔಷಧಿ ಅಂಗಡಿಯ ಮುಂದೆ ನಿಂತಿರುತ್ತಾರೆ. ಬಾಟಲಿ ಹಾಲು ಕುಡಿದ ಮಗು ಮೂರು ಗಂಟೆ ಅಲುಗಾಡದೆ ಮಲಗುತ್ತದೆ. ‘ನೋಡಿದೆಯಾ, ಹೊಟ್ಟೆ ತುಂಬಿದ ಮೇಲೆ ಹೇಗೆ ನಿದ್ದೆ ಹತ್ತಿತು!’ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ.

ಎರಡು ವಾರ ಕಳೆಯುತ್ತದೆ. ಹೊತ್ತಿಗೊಂದು ಬಾಟಲಿ ಎರಡಾಗಿ, ಮೂರಾಗಿ, ಅಷ್ಟರಲ್ಲಿ ತಾಯಿಯ ಹಾಲು ನಿಜವಾಗಿಯೂ ಕಡಿಮೆಯಾಗಿರುತ್ತದೆ. ಅಜ್ಜಿ ಅಂದು ಹೇಳಿದ್ದೇ ಸರಿ ಎಂದು ಮನೆಯವರೆಲ್ಲ ನಂಬುತ್ತಾರೆ. ತಾಯಿಯೂ ನಂಬುತ್ತಾಳೆ. ತನ್ನ ಕೂಸಿಗೆ ಹಾಲೂಡಿಸಲಾರದವಳು ತಾನು ಎಂಬ ಕೊರಗು ಅವಳಲ್ಲಿ ಬಹುಕಾಲ ಉಳಿಯುತ್ತದೆ.

ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಕಾರಣ ಯಾವುದು, ಪರಿಣಾಮ ಯಾವುದು? ಹಾಲು ಕಡಿಮೆಯಾದ್ದರಿಂದ ಬಾಟಲಿ ಬಂದಿತೇ? ಅಥವಾ ಬಾಟಲಿ ಬಂದದ್ದರಿಂದ ಹಾಲು ಕಡಿಮೆಯಾಯಿತೇ?

ಕೊಡವಲ್ಲ, ಬಾವಿ

ತಾಯಿಯ ಎದೆಯನ್ನು ಹಾಲು ತುಂಬಿಟ್ಟ ಕೊಡದಂತೆ ಭಾವಿಸುವವರೇ ಹೆಚ್ಚು. ಕೊಡದಿಂದ ಬಗ್ಗಿಸಿದಷ್ಟೂ ಉಳಿಯುವುದು ಕಡಿಮೆ. ಹಾಗಾಗಿ ‘ಹಗಲು ಬಾಟಲಿ ಕೊಟ್ಟು, ಎದೆಹಾಲನ್ನು ರಾತ್ರಿಗೆ ಉಳಿಸಿಕೊಳ್ಳೋಣ’ ಎಂಬ ಲೆಕ್ಕ ಹುಟ್ಟುತ್ತದೆ. ಲೆಕ್ಕ ಸರಿಯಾಗಿಯೇ ಇದೆ, ಹೋಲಿಕೆ ಮಾತ್ರ ತಪ್ಪು. ಎದೆ ಕೊಡವಲ್ಲ, ಬಾವಿ. ದಿನವೂ ಸೇದುವ ಬಾವಿಯಲ್ಲಿ ಒರತೆ ಊರುತ್ತಲೇ ಇರುತ್ತದೆ. ಸೇದುವವರಿಲ್ಲದ ಬಾವಿಯಲ್ಲಿ ನೀರು ಒಂದು ಮಟ್ಟಕ್ಕೆ ನಿಂತು, ಕ್ರಮೇಣ ಹೂಳು ತುಂಬಿ ಒರತೆಯೇ ಮುಚ್ಚಿಹೋಗುತ್ತದೆ.

ಸ್ತನದೊಳಗೆ ದ್ರಾಕ್ಷಿ ಗೊಂಚಲಿನಂತೆ ಜೋಡಿಸಿದ ಅಸಂಖ್ಯ ಸೂಕ್ಷ್ಮ ಚೀಲಗಳಿವೆ. ಅವುಗಳ ಗೋಡೆಯ ಜೀವಕೋಶಗಳು ರಕ್ತದಿಂದ ನೀರು, ಗ್ಲೂಕೋಸು, ಅಮೈನೋ ಆಮ್ಲ, ಕೊಬ್ಬಿನ ಆಮ್ಲ, ಲವಣಗಳನ್ನು ಪಡೆದು ಹಾಲು ತಯಾರಿಸುತ್ತವೆ. ಸ್ತನದ ಗಾತ್ರ ಹೆಚ್ಚಾಗಿ ಅಲ್ಲಿ ಶೇಖರವಾದ ಕೊಬ್ಬಿನಿಂದ ಬಂದದ್ದು. ಹಾಲು ಮಾಡುವ ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ.

ಹಾಲು ತಯಾರಿಸಲು ಆಜ್ಞೆ ಕೊಡುವುದು ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮುಂಭಾಗದಿಂದ ಸ್ರವಿಸುವ ಪ್ರೋಲ್ಯಾಕ್ಟಿನ್ ಎಂಬ ಹಾರ್ಮೋನು. ಗರ್ಭಿಣಿಯಲ್ಲೂ ಅದು ಸಾಕಷ್ಟು ಇರುತ್ತದೆ. ಆದರೆ ಮಾಸು ಉತ್ಪಾದಿಸುವ ಪ್ರೊಜೆಸ್ಟೆರೋನ್ ಅದಕ್ಕೆ ಅಡ್ಡಗಾಲು ಹಾಕಿರುತ್ತದೆ. ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ಪ್ರೊಜೆಸ್ಟೆರೋನ್ ಮಟ್ಟ ಕುಸಿಯುತ್ತದೆ. ಅಡ್ಡಿ ತೊಲಗಿ, ಎರಡರಿಂದ ನಾಲ್ಕು ದಿನಗಳಲ್ಲಿ ಎದೆ ತುಂಬಿ ಬರುತ್ತದೆ. ಚೊಚ್ಚಲ ಬಾಣಂತಿಗೆ, ಶಸ್ತ್ರಕ್ರಿಯೆಯಿಂದ ಹೆತ್ತವಳಿಗೆ ಇದು ತುಸು ತಡವಾಗಬಹುದು. ಕಥೆಯ ನಾಲ್ಕನೆಯ ರಾತ್ರಿ ಬರುವುದು ಈ ಹೊತ್ತಿನಲ್ಲೇ.

ಹೀಗೆ ಆರಂಭ ಹಾರ್ಮೋನುಗಳ ಕೈಯಲ್ಲಿದೆ. ಆದರೆ ಆಮೇಲೆ ದಿನಕ್ಕೆ ಎಷ್ಟು ಹಾಲು ಎಂಬುದನ್ನು ತೀರ್ಮಾನಿಸುವುದು ಯಾರು? 1980ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಹನ್ನಾ ಡೈರಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆಡುಗಳ ಮೇಲೆ ಒಂದು ಸರಳ, ಸೊಗಸಾದ ಪ್ರಯೋಗ ಮಾಡಿದರು. ಆಡಿನ ಕೆಚ್ಚಲಿಗೆ ಎರಡು ಭಾಗ. ರಕ್ತ ಒಂದೇ ಆದ್ದರಿಂದ ಹಾರ್ಮೋನುಗಳು ಎರಡಕ್ಕೂ ಸಮನಾಗಿ ತಲುಪುತ್ತವೆ. ಒಂದು ಭಾಗದಿಂದ ದಿನಕ್ಕೆ ಎರಡು ಸಲ, ಇನ್ನೊಂದರಿಂದ ಮೂರು ಸಲ ಹಾಲು ಕರೆದರು. ಮೂರು ಸಲ ಕರೆದ ಭಾಗದಲ್ಲಿ ಮಾತ್ರ ಹಾಲು ಹೆಚ್ಚಿತು. ಕೆಚ್ಚಲಿನ ಬಿಗಿತ ಕಡಿಮೆಯಾದದ್ದೇ ಕಾರಣವಿರಬಹುದೇ ಎಂದು ಪರೀಕ್ಷಿಸಲು, ಹಾಲು ತೆಗೆದ ಮೇಲೆ ಬೇರೊಂದು ನಿರಪಾಯಕಾರಿ ದ್ರಾವಣವನ್ನು ತುಂಬಿ ನೋಡಿದರು. ಆಗಲೂ ಹಾಲು ಹೆಚ್ಚಿತು. ಅಂದರೆ ‘ಸಾಕು, ನಿಲ್ಲಿಸು’ ಎಂಬ ಸೂಚನೆ ಒಳಗೆ ನಿಂತ ಹಾಲಿನಲ್ಲೇ ಇದೆ. ಹಾಲು ಹೊರಹೋದರೆ ಆ ಸೂಚನೆಯೂ ಹೊರಹೋಗುತ್ತದೆ.

ಈ ನಿಯಮ ಮನುಷ್ಯರಿಗೂ ಅನ್ವಯಿಸುತ್ತದೆ. ಹಾಲು ಎಷ್ಟು ತೆಗೆದರೆ ಅಷ್ಟು ತಯಾರಾಗುತ್ತದೆ. ಮಗು ಪದೇ ಪದೇ ಎದೆಗೆ ಬರುವುದೆಂದರೆ ಅದು ನಾಳೆಯ ಹಾಲಿಗೆ ಇಂದೇ ಬೇಡಿಕೆ ಸಲ್ಲಿಸುತ್ತಿದೆ ಎಂದರ್ಥ. ಆ ಹೊತ್ತಿನಲ್ಲಿ ಬಾಟಲಿ ಕೊಟ್ಟರೆ ಬೇಡಿಕೆಯ ಚೀಟಿ ಹರಿದುಹಾಕಿದಂತೆ. ಎದೆಯಲ್ಲಿ ಹಾಲು ನಿಲ್ಲುತ್ತದೆ, ತಯಾರಿ ನಿಧಾನವಾಗುತ್ತದೆ. ಮರುದಿನ ಮಗುವಿಗೆ ಇನ್ನೊಂದು ಬಾಟಲಿ ಬೇಕಾಗುತ್ತದೆ.

ಕರು ಬಿಟ್ಟರೆ ಹಾಲು

ಹಾಲು ತಯಾರಾಗುವುದು ಒಂದು ಕೆಲಸ, ಅದು ಇಳಿದು ಹೊರಬರುವುದು ಇನ್ನೊಂದು. ಹಳ್ಳಿಯ ಮಕ್ಕಳು ಇದನ್ನು ಕೊಟ್ಟಿಗೆಯಲ್ಲೇ ಕಂಡಿರುತ್ತಾರೆ. ಹಾಲು ಕರೆಯುವ ಮುನ್ನ ಕರುವನ್ನು ಬಿಡುತ್ತಾರೆ. ಕರು ಗುದ್ದಿ ಗುದ್ದಿ ಚೀಪಿದ ಸ್ವಲ್ಪ ಹೊತ್ತಿಗೆ ಕೆಚ್ಚಲು ಬಿಗಿದು ಹಾಲು ಇಳಿಯುತ್ತದೆ. ಹೊಸಬರು ಕರೆಯಲು ಕುಳಿತರೆ, ನಾಯಿ ಬೊಗಳಿ ಹಸು ಬೆದರಿದರೆ, ‘ಹಾಲು ಮೇಲಕ್ಕೆ ಎಳೆದುಕೊಂಡಿತು’ ಎನ್ನುತ್ತಾರೆ. ಹಸು ಹಾಲನ್ನು ಎಲ್ಲಿಗೂ ಎಳೆದುಕೊಂಡಿರುವುದಿಲ್ಲ. ಹಾಲನ್ನು ಕೆಳಗೆ ತಳ್ಳುವ ಹಾರ್ಮೋನು ಅದರ ರಕ್ತಕ್ಕೆ ಬಂದಿರುವುದಿಲ್ಲ, ಅಷ್ಟೆ.

ಈ ಹಾರ್ಮೋನೇ ಆಕ್ಸಿಟೋಸಿನ್. ಶಿಶು ಚೀಪಿದಾಗ ತೊಟ್ಟಿನ ನರಗಳಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ಪಿಟ್ಯುಟರಿಯ ಹಿಂಭಾಗ ಆಕ್ಸಿಟೋಸಿನ್ ಬಿಡುಗಡೆ ಮಾಡುತ್ತದೆ. ಅದು ರಕ್ತದಲ್ಲಿ ಹರಿದು ಬಂದು ಹಾಲಿನ ಚೀಲಗಳ ಸುತ್ತ ಹೆಣೆದಿರುವ ಪುಟ್ಟ ಸ್ನಾಯುಕೋಶಗಳನ್ನು ಸಂಕುಚಿಸುತ್ತದೆ. ಚೀಲಗಳು ಹಿಂಡಿದಂತಾಗಿ ಹಾಲು ನಾಳಗಳಿಗೆ ಇಳಿಯುತ್ತದೆ. ಇಷ್ಟಕ್ಕೆ ಒಂದೆರಡು ನಿಮಿಷ ಬೇಕು. ಇದೇ ಹಾರ್ಮೋನು ಗರ್ಭಕೋಶವನ್ನೂ ಸಂಕುಚಿಸುತ್ತದೆ. ಹಾಗಾಗಿಯೇ ಮೊದಲ ದಿನಗಳಲ್ಲಿ ಹಾಲೂಡಿಸುವಾಗ ಬಾಣಂತಿಗೆ ಕಿಬ್ಬೊಟ್ಟೆ ಹಿಂಡಿದಂತೆ ನೋವು ಬರುವುದುಂಟು. ರಕ್ತಸ್ರಾವ ಕಡಿಮೆಯಾಗಲು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು.

ಪಿಟ್ಯುಟರಿಯ ಸಾರಕ್ಕೆ ಗರ್ಭಕೋಶವನ್ನು ಸಂಕುಚಿಸುವ ಗುಣವಿದೆ ಎಂದು 1906ರಲ್ಲಿ ತೋರಿಸಿದವರು ಇಂಗ್ಲೆಂಡಿನ ಹೆನ್ರಿ ಡೇಲ್. ಕೇವಲ ಒಂಬತ್ತು ಅಮೈನೋ ಆಮ್ಲಗಳ ಈ ಪುಟ್ಟ ಅಣುವನ್ನು 1953ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ಅಮೆರಿಕದ ವಿನ್ಸೆಂಟ್ ದು ವಿನ್ಯೋ ಅವರಿಗೆ 1955ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ಆಕ್ಸಿಟೋಸಿನ್ ಮನಸ್ಸಿನ ಮಾತು ಕೇಳುವ ಹಾರ್ಮೋನು. ಮಗುವಿನ ಅಳು ಕೇಳಿದೊಡನೆ, ಕೆಲವೊಮ್ಮೆ ಮಗುವನ್ನು ನೆನೆದರೂ ಸಾಕು, ತಾಯಿಯ ರವಿಕೆ ಒದ್ದೆಯಾಗುತ್ತದೆ. ಗಂಟೆ ಕೇಳಿ ಜೊಲ್ಲು ಸುರಿಸಿದ ಪಾವ್ಲೋವನ ನಾಯಿಯ ಪಾಠ ಇಲ್ಲಿ ನೆನಪಾಗಬೇಕು. ಅದೇ ರೀತಿ ನೋವು, ಭಯ, ಅವಮಾನ, ಆತಂಕ ಈ ಹಾರ್ಮೋನನ್ನು ತಡೆಯುತ್ತವೆ. ‘ನಿನಗೆ ಹಾಲಿಲ್ಲ’ ಎಂಬ ಮಾತನ್ನು ದಿನಕ್ಕೆ ನಾಲ್ಕು ಸಲ ಕೇಳಿಸಿಕೊಳ್ಳುವ ಬಾಣಂತಿಯ ಹಾಲು ಇಳಿಯುವುದು ತಡವಾದರೆ ಅದರಲ್ಲಿ ಆಶ್ಚರ್ಯವಿಲ್ಲ. ಬೆದರಿದ ಹಸುವಿಗೆ ತೋರುವ ತಾಳ್ಮೆಯನ್ನು ಬಾಣಂತಿಗೂ ತೋರಬೇಡವೇ?

ಮೊದಲ ವಾರದ ಲೆಕ್ಕ

ಶಿಶುವಿಗೆ ನಿಜಕ್ಕೂ ಎಷ್ಟು ಹಾಲು ಬೇಕು? ಮೊದಲ ದಿನ ಒಂದು ಸಲಕ್ಕೆ 2ರಿಂದ 10 ಮಿ.ಲೀ., ಅಂದರೆ ಹೆಚ್ಚೆಂದರೆ ಎರಡು ಟೀ ಚಮಚ. ಎರಡನೆಯ ದಿನ 5ರಿಂದ 15, ಮೂರನೆಯ ದಿನ 15ರಿಂದ 30, ನಾಲ್ಕನೆಯ ದಿನ 30ರಿಂದ 60 ಮಿ.ಲೀ. ತಾಯಿಯ ಹಾಲೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಏರುತ್ತದೆ. ಮೊದಲು ಬರುವ ಹಳದಿ ಬಣ್ಣದ ಗಟ್ಟಿ ಹಾಲು ಕಡಿಮೆಯೆಂದು, ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಪದ್ಧತಿ ಅನೇಕ ಕಡೆ ಇತ್ತು. ರೋಗಾಣುಗಳ ವಿರುದ್ಧ ಹೋರಾಡುವ ಪ್ರತಿಕಾಯಗಳು ಅತಿ ಹೆಚ್ಚು ಇರುವುದು ಆ ಹಾಲಿನಲ್ಲೇ. ಅದು ಶಿಶುವಿನ ಮೊದಲ ಲಸಿಕೆ ಎಂದರೂ ಸಲ್ಲುತ್ತದೆ. ಅದನ್ನು ಚೆಲ್ಲಿ ಜೇನುತುಪ್ಪ ನೆಕ್ಕಿಸುವುದು ಎರಡು ರೀತಿಯಲ್ಲಿ ನಷ್ಟ. ಜೇನಿನಲ್ಲಿ ಬಾಟುಲಿಸಂ ಎಂಬ ಕಾಯಿಲೆಯ ಬೀಜಾಣುಗಳಿರಬಹುದಾದ್ದರಿಂದ ಒಂದು ವರ್ಷ ತುಂಬುವ ತನಕ ಮಕ್ಕಳಿಗೆ ಅದು ಬೇಡ.

ಹುಟ್ಟಿದ ಮಗುವಿನ ತೂಕ ಮೊದಲ ದಿನಗಳಲ್ಲಿ ಇಳಿಯುತ್ತದೆ. ಶೇ. 7ರವರೆಗೆ ಇಳಿಯುವುದು ಸಾಮಾನ್ಯ. ಎರಡು ವಾರದೊಳಗೆ ಹುಟ್ಟುತೂಕ ಮರಳಿ ಬರುತ್ತದೆ. ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬಾರದು. ಚಳಿ, ಸೆಕೆ, ಒದ್ದೆ ಬಟ್ಟೆ, ಹೊಟ್ಟೆಯ ಗಾಳಿ, ಸುಮ್ಮನೆ ಮೈಗೆ ಅಂಟಿಕೊಂಡಿರಬೇಕೆಂಬ ಆಸೆ, ಇವೆಲ್ಲಕ್ಕೂ ಶಿಶುವಿಗೆ ಇರುವುದು ಅಳು ಒಂದೇ ಭಾಷೆ. ಒದ್ದೆಯಾದ ಬಟ್ಟೆಗಳನ್ನು ಎಣಿಸುವುದು ನಂಬಬಹುದಾದ ಅಳತೆ. ಐದಾರು ದಿನದ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿದರೆ, ಮೊದಲಿನ ಕಪ್ಪು ಮಲ ಹಳದಿಗೆ ತಿರುಗಿದ್ದರೆ, ಎರಡು ವಾರಕ್ಕೆ ತೂಕ ಮರಳಿದ್ದರೆ, ಹಾಲು ಸಾಕಾಗುತ್ತಿದೆ.

ಇದಕ್ಕೆ ವಿರುದ್ಧವಾದ ಸೂಚನೆಗಳನ್ನು ಕಡೆಗಣಿಸಬಾರದು. ಮೂತ್ರ ತೀರ ಕಡಿಮೆ, ಮಗು ಹಾಲಿಗೂ ಏಳದೆ ಮಂಕಾಗಿ ಮಲಗಿರುವುದು, ಮೈ ಹೆಚ್ಚು ಹೆಚ್ಚು ಹಳದಿಯಾಗುವುದು, ತೂಕ ಶೇ. 10ರಷ್ಟು ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರ ಬಳಿ ಹೋಗಬೇಕು. ಅಲ್ಲಿ ‘ಕಾದು ನೋಡೋಣ’ ಎಂಬ ಮಾತಿಗೆ ಜಾಗವಿಲ್ಲ.

ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಮಾತಿದೆ. ರಾಜಕೀಯಕ್ಕೆ ಸರಿ, ಶಿಶುವಿಗೆ ಸರಿಯಲ್ಲ. ಅಳು ಹಸಿವಿನ ಕೊನೆಯ ಸೂಚನೆ. ಅದಕ್ಕೂ ಮೊದಲೇ ಮಗು ಬಾಯಿ ಚಪ್ಪರಿಸುತ್ತದೆ, ಕೈಯನ್ನು ಬಾಯಿಗೆ ಒಯ್ಯುತ್ತದೆ, ತಲೆ ಅತ್ತಿತ್ತ ತಿರುಗಿಸಿ ಹುಡುಕುತ್ತದೆ. ಆಗಲೇ ಎತ್ತಿಕೊಂಡರೆ ಅದು ಸಮಾಧಾನವಾಗಿ ಕುಡಿಯುತ್ತದೆ. ದಿನಕ್ಕೆ 8ರಿಂದ 12 ಸಲ ಹಾಲೂಡಿಸಬೇಕಾಗುವುದು ಸಹಜ. ಮಗು ಬರಿಯ ತೊಟ್ಟನ್ನಲ್ಲ, ಅದರ ಸುತ್ತಲಿನ ಕಪ್ಪು ವೃತ್ತದ ಬಹುಭಾಗವನ್ನೂ ಬಾಯಿ ತುಂಬ ಹಿಡಿದಿರಬೇಕು, ಗಲ್ಲ ಎದೆಗೆ ತಾಗಿರಬೇಕು. ತೊಟ್ಟು ಬಿರಿದು ನೋವಾಗುವುದಕ್ಕೂ, ಹಾಲು ಸರಿಯಾಗಿ ಬರದಿರುವುದಕ್ಕೂ ಬಹುಮಟ್ಟಿಗೆ ಈ ಹಿಡಿತ ತಪ್ಪಿರುವುದೇ ಕಾರಣ. ಆಸ್ಪತ್ರೆಯ ದಾದಿಯೊಬ್ಬರು ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟರೆ ಎಷ್ಟೋ ತಾಯಂದಿರ ಕಷ್ಟ ಅಲ್ಲಿಗೇ ಮುಗಿಯುತ್ತದೆ.

ಬಾಟಲಿಯ ಎರಡು ಮುಖ

ಪುಡಿಹಾಲು ವಿಷವಲ್ಲ. ಹಸುವಿನ ಹಾಲಿನಲ್ಲಿ ಪ್ರೋಟೀನು ಸುಮಾರು ಶೇ. 3.3, ತಾಯಿಯ ಹಾಲಿನಲ್ಲಿ ಸುಮಾರು ಶೇ. 1 ಮಾತ್ರ. ತಾಯಿಯ ಹಾಲಿನ ಸಕ್ಕರೆ ಶೇ. 7ರಷ್ಟು, ಹಸುವಿನದ್ದು ಶೇ. 5ಕ್ಕಿಂತ ಕಡಿಮೆ. ಕರು ಬೇಗ ಮೈ ಬೆಳೆಸಬೇಕು, ಮನುಷ್ಯನ ಮರಿ ನಿಧಾನವಾಗಿ ಮಿದುಳು ಬೆಳೆಸಬೇಕು. ಹಸುವಿನ ಹಾಲಿನ ಹೆಚ್ಚಿನ ಪ್ರೋಟೀನು, ಲವಣಗಳನ್ನು ಎಳೆಯ ಮೂತ್ರಪಿಂಡ ತಾಳಲಾರದು. 1865ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ ಶಿಶುಗಳಿಗೆಂದು ಒಂದು ಆಹಾರ ರೂಪಿಸಿದಾಗಿನಿಂದ ಇಂದಿನವರೆಗೂ, ಈ ಅಂತರ ತುಂಬುವ ಪ್ರಯತ್ನ ನಡೆದೇ ಇದೆ. ಪೋಷಕಾಂಶಗಳ ಮಟ್ಟಿಗೆ ಇಂದಿನ ಪುಡಿಗಳು ಬಹಳ ಸುಧಾರಿಸಿವೆ. ಆದರೆ ತಾಯಿಯ ಹಾಲಿನ ಜೀವಂತ ಕೋಶಗಳನ್ನು, ಆಕೆಯ ಸುತ್ತಲಿನ ರೋಗಾಣುಗಳಿಗೆಂದೇ ತಯಾರಾದ ಪ್ರತಿಕಾಯಗಳನ್ನು ಡಬ್ಬಕ್ಕೆ ತುಂಬಲು ಆಗಿಲ್ಲ.

ಅಪಾಯ ಹೆಚ್ಚಾಗಿ ಅಡಗಿರುವುದು ನೀರು, ಬಾಟಲಿ ಮತ್ತು ಅಳತೆಯಲ್ಲಿ. ಬಾಟಲಿಯ ಮೂಲೆ, ರಬ್ಬರು ತೊಟ್ಟಿನ ಸಂದಿಗಳಲ್ಲಿ ಉಳಿದ ಹಾಲಿನ ಪಸೆ ರೋಗಾಣುಗಳಿಗೆ ಔತಣ. ಡಬ್ಬ ದುಬಾರಿ ಎಂದು ಪುಡಿ ಕಡಿಮೆ ಹಾಕಿ ನೀರು ಹೆಚ್ಚು ಬೆರೆಸಿದರೆ, ಹೊಟ್ಟೆ ತುಂಬಿದಂತೆ ಕಂಡರೂ ಮಗು ಸೊರಗುತ್ತದೆ. ಗಟ್ಟಿಯಾಗಿರಲಿ ಎಂದು ಒಂದು ಚಮಚ ಹೆಚ್ಚು ಹಾಕಿದರೆ ಮಗುವಿನ ಮೈಯ ನೀರಿನ ಸಮತೋಲ ತಪ್ಪುತ್ತದೆ. ಬಡದೇಶಗಳಲ್ಲಿ ಇದರಿಂದಾದ ಸಾವುನೋವುಗಳು 1970ರ ದಶಕದಲ್ಲಿ ದೊಡ್ಡ ಚರ್ಚೆಯಾದವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪುಡಿಹಾಲಿನ ಮಾರಾಟಕ್ಕೆ ನೀತಿಸಂಹಿತೆ ತಂದಿತು. ಭಾರತ 1992ರಲ್ಲಿ ಕಾಯ್ದೆಯನ್ನೇ ಮಾಡಿ, 2003ರಲ್ಲಿ ಅದನ್ನು ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಡಬ್ಬದ ಹಾಲಿಗೆ ಜಾಹೀರಾತು ಕೂಡದೆಂಬುದು ಆ ಕಾಯ್ದೆಯ ಮುಖ್ಯ ಅಂಶ.

ವೈದ್ಯರ ಸಲಹೆಯ ಮೇಲೆ ಪುಡಿಹಾಲು ಕೊಡಲೇಬೇಕಾದಾಗ ಹೀಗೆ ಮಾಡಬೇಕು. ನೀರನ್ನು ಚೆನ್ನಾಗಿ ಕುದಿಸಿ, 70 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಪುಡಿ ಬೆರೆಸಬೇಕು. ಪುಡಿಯೊಳಗೇ ಇರಬಹುದಾದ ರೋಗಾಣುಗಳು ಆ ಬಿಸಿಗೆ ಸಾಯುತ್ತವೆ. ಡಬ್ಬದ ಮೇಲೆ ಬರೆದ ಅಳತೆಯನ್ನು ಕೂದಲೆಳೆಯಷ್ಟೂ ಮೀರಬಾರದು. ಬೆರೆಸಿದ ಹಾಲನ್ನು ಉಗುರು ಬೆಚ್ಚಗೆ ಆರಿಸಿ ಕೊಡಬೇಕು, ಮಗು ಬಿಟ್ಟದ್ದನ್ನು ಚೆಲ್ಲಬೇಕು.

ಕುಡಿಸುವುದು ಬಾಟಲಿಯಲ್ಲೇ ಆಗಬೇಕೆಂದೇನೂ ಇಲ್ಲ. ಅನೇಕ ಮನೆಗಳ ಕಪಾಟಿನಲ್ಲಿ ಬೆಳ್ಳಿಯದೋ ಹಿತ್ತಾಳೆಯದೋ ಒಂದು ಒಳಲೆ ಇರುತ್ತದೆ. ಅಗಲ ಬಾಯಿ, ಉದ್ದ ಕೊಕ್ಕು, ಸಂದಿಗೊಂದಿಗಳಿಲ್ಲ. ಉಜ್ಜಿ ತೊಳೆದು ಕುದಿಸುವುದು ಸುಲಭ. ದಿನ ತುಂಬದೆ ಹುಟ್ಟಿದ ಶಿಶುಗಳ ವಾರ್ಡುಗಳಲ್ಲಿ ಇಂದಿಗೂ ವೈದ್ಯರು ಉಕ್ಕಿನ ಒಳಲೆಯನ್ನೇ ಬಳಸುತ್ತಾರೆ. ಎಚ್ಚರವಿರುವ ಮಗುವನ್ನು ತಲೆ ಎತ್ತರಿಸಿ ಹಿಡಿದು, ಕೊಕ್ಕನ್ನು ತುಟಿಯ ಅಂಚಿಗೆ ತಾಗಿಸಿ, ಅದು ನುಂಗಿದಂತೆಲ್ಲ ಸ್ವಲ್ಪ ಸ್ವಲ್ಪವೇ ಬಗ್ಗಿಸಬೇಕು. ಸುರಿಯಬಾರದು.

ಬಾಟಲಿಯೇ ಬೇಕೆಂದಾದರೆ ಅದರ ಭೌತವಿಜ್ಞಾನ ತಿಳಿದಿರಲಿ. ತಲೆಕೆಳಗಾದ ಬಾಟಲಿಯಲ್ಲಿ ಗುರುತ್ವವೇ ಹಾಲನ್ನು ಇಳಿಸುತ್ತದೆ. ಮಗು ದುಡಿಯಬೇಕಿಲ್ಲ, ಒಂದೆರಡು ನಿಮಿಷ ಕಾಯಬೇಕಿಲ್ಲ. ಈ ಸುಲಭ ದಾರಿಗೆ ಒಗ್ಗಿದ ಮಗು ಎದೆಗೆ ಬಂದಾಗ ಮುಖ ತಿರುಗಿಸಿ ಗಲಾಟೆ ಮಾಡುವುದುಂಟು. ಆದ್ದರಿಂದ ಮಗುವನ್ನು ಕುಳಿತಂತೆ ಹಿಡಿದು, ಬಾಟಲಿಯನ್ನು ಅಡ್ಡವಾಗಿ ಹಿಡಿದು, ನಡುನಡುವೆ ನಿಲ್ಲಿಸಿ ಕುಡಿಸಬೇಕು. ಬಾಟಲಿಯನ್ನು ದಿಂಬಿಗೆ ಆನಿಸಿಟ್ಟು ಎದ್ದುಹೋಗುವುದಂತೂ ಕೂಡದು.

ಚದುರಂಗದವನ ಪಂಪು

ತಾಯಿ ಮಗು ಒಟ್ಟಿಗೆ ಇರಲಾಗದಾಗ ಒರತೆ ಬತ್ತದಂತೆ ನೋಡಿಕೊಳ್ಳುವ ದಾರಿ ಒಂದೇ: ಮಗು ಕುಡಿಯುವ ಹೊತ್ತಿಗೆ ಹಾಲನ್ನು ಹಿಂಡಿ ತೆಗೆಯುವುದು. ಇದಕ್ಕೆ ಯಂತ್ರ ರೂಪಿಸಿದವರಲ್ಲಿ ಒಬ್ಬ ಪ್ರಸಿದ್ಧ ಚದುರಂಗದ ಆಟಗಾರನೂ ಇದ್ದಾನೆ. ಎಂಜಿನಿಯರ್ ಆಗಿದ್ದ ಎಡ್ವರ್ಡ್ ಲಾಸ್ಕರ್ ಅಮೆರಿಕದಲ್ಲಿ 1920ರ ದಶಕದಲ್ಲಿ ಹಾಲಿನ ಪಂಪಿಗೆ ಪೇಟೆಂಟು ಪಡೆದ. ವಿಶ್ವ ಚಾಂಪಿಯನ್ ಎಮಾನ್ಯುಯೆಲ್ ಲಾಸ್ಕರ್ ಬೇರೆ, ಇವನು ಬೇರೆ. ಎದೆ ಚೀಪಲಾರದ, ದಿನ ತುಂಬದ ಶಿಶುಗಳಿಗೆ ಆ ಯಂತ್ರ ನೆರವಾಯಿತು.

ಪಂಪು ಕೆಲಸ ಮಾಡುವುದು ಗಾಳಿಯ ಒತ್ತಡ ತಗ್ಗಿಸಿ. ಆದರೆ ಆಕ್ಸಿಟೋಸಿನ್ ಬಾರದೆ ಯಾವ ಪಂಪೂ ಹಾಲು ಇಳಿಸಲಾರದು. ಹೆಚ್ಚು ಎಳೆತಕ್ಕೆ ಹೆಚ್ಚು ಹಾಲು ಎಂಬುದು ತಪ್ಪು. ನೋವಾದರೆ ಹಾಲು ಇನ್ನೂ ತಡೆಯುತ್ತದೆ. ಮೊದಲು ಹಗುರವಾಗಿ, ಬೇಗಬೇಗನೆ, ಹಾಲು ಇಳಿದ ಮೇಲೆ ತುಸು ನಿಧಾನವಾಗಿ ನಡೆಸಬೇಕು. ಮಗುವಿನ ಬಟ್ಟೆಯೊಂದು ಪಕ್ಕದಲ್ಲಿದ್ದರೂ ಹಾಲು ಸಲೀಸಾಗಿ ಇಳಿಯಬಹುದು.

ಪಂಪಿಲ್ಲದೆಯೂ ಆಗುತ್ತದೆ. ಕೈ ಸೋಪಿನಿಂದ ತೊಳೆದು, ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ವೃತ್ತದ ಅಂಚಿನಲ್ಲಿಟ್ಟು, ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಹಿಂಡಿ ಬಿಡಬೇಕು. ತೊಟ್ಟನ್ನು ಎಳೆಯಬಾರದು. ಬೆರಳಿನ ಜಾಗ ಬದಲಿಸುತ್ತ, ಎರಡೂ ಕಡೆ ಸರದಿಯಂತೆ 20ರಿಂದ 30 ನಿಮಿಷ ಮಾಡಬೇಕು.

ಹಿಂಡಿದಾಗ ಲೋಟದ ತಳ ಮುಚ್ಚುವಷ್ಟೇ ಬಂದರೆ ಎದೆಗುಂದಬೇಕಿಲ್ಲ. ಪಂಪಿಗೆ ಬಂದದ್ದು ಎದೆಯಲ್ಲಿರುವುದರ ಅಳತೆಯಲ್ಲ. ಮಗು ಕರು ಇದ್ದಂತೆ, ಪಂಪು ಹೊಸಬರ ಕೈ ಇದ್ದಂತೆ. ಹಾಗೆಂದು ಹಾಲು ಕೂಡಿಡುವ ಹುರುಪಿನಲ್ಲಿ ದಿನವಿಡೀ ಪಂಪು ಮಾಡುವುದೂ ಸರಿಯಲ್ಲ. ಬೇಡಿಕೆ ಏರಿದಂತೆ ಹಾಲೂ ಏರಿ, ಎದೆ ಬಿಗಿದು ಊತ, ನೋವು ಬರುತ್ತದೆ. ಆಗ ತಣ್ಣನೆಯ ಬಟ್ಟೆ ಇಟ್ಟು, ಮಗುವಿಗೆ ಎಂದಿನಂತೆ ಕುಡಿಸುತ್ತಿರಬೇಕು. ಜ್ವರ, ಎದೆ ಕೆಂಪಾಗುವುದು ಕಂಡರೆ ವೈದ್ಯರನ್ನು ಕಾಣಬೇಕು.

ಹಿಂಡಿದ ಹಾಲನ್ನು 25 ಡಿಗ್ರಿಯೊಳಗಿನ ತಂಪಿನಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇಡಬಹುದು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಮೊದಲ ಲೆಕ್ಕ ನಡೆಯದು. ಹಿಂಡಿದ ಕೂಡಲೇ ತಣ್ಣಗಿಡಬೇಕು. ಇಟ್ಟ ಹಾಲಿನ ಮೇಲೆ ಕೆನೆ ಕಟ್ಟುತ್ತದೆ, ಅದು ಕೆಟ್ಟದ್ದಲ್ಲ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಮೆಲ್ಲನೆ ಅಲುಗಿಸಿದರೆ ಬೆರೆಯುತ್ತದೆ. ಒಲೆಯ ಮೇಲೆ ಕುದಿಸಿದರೆ ಪ್ರತಿಕಾಯಗಳು ಹಾಳಾಗುತ್ತವೆ. ಮೈಕ್ರೋವೇವ್ ಒಲೆ ಅಲ್ಲಲ್ಲಿ ಅತಿ ಬಿಸಿ ಮಾಡಿ ಮಗುವಿನ ಬಾಯಿ ಸುಡಬಹುದು.

ಕೆಲಸಕ್ಕೆ ಹೊರಟ ತಾಯಿ

ಒಂದು ಸಣ್ಣ ಲೆಕ್ಕ. ಒಂದು ತಿಂಗಳಿನಿಂದ ಆರು ತಿಂಗಳವರೆಗೆ ಮಗು ದಿನಕ್ಕೆ ಕುಡಿಯುವ ತಾಯಿಹಾಲು ಸರಾಸರಿ ಸುಮಾರು 750 ಮಿ.ಲೀ. ಅದನ್ನು 24ರಿಂದ ಭಾಗಿಸಿದರೆ ಗಂಟೆಗೆ ಸುಮಾರು 30 ಮಿ.ಲೀ. ತಾಯಿ ಬೆಳಿಗ್ಗೆ 9ಕ್ಕೆ ಹೊರಟು ಸಂಜೆ 6ಕ್ಕೆ ಬರುವಳಾದರೆ 9 ಗಂಟೆಗಳಿಗೆ ಸುಮಾರು 270 ಮಿ.ಲೀ. ಹಾಲು ಬೇಕು. ಹೊರಡುವ ಮುನ್ನ ಮತ್ತು ಬಂದೊಡನೆ ಎದೆಹಾಲು, ನಡುವೆ ಕಚೇರಿಯಲ್ಲಿ ಎರಡು ಮೂರು ಸಲ ಹಿಂಡುವುದು, ಆ ಹಾಲು ಮರುದಿನಕ್ಕೆ. ಪ್ರೋಲ್ಯಾಕ್ಟಿನ್ ರಾತ್ರಿ ಹೆಚ್ಚಿರುವುದರಿಂದ ರಾತ್ರಿಯ ಹಾಲೂಡಿಕೆ ಬಿಡಬಾರದು. ಕೆಲಸಕ್ಕೆ ಮರಳುವ ಎರಡು ವಾರ ಮೊದಲೇ ಅಭ್ಯಾಸ ಶುರು ಮಾಡಿದರೆ ತಾಯಿಗೂ ಮಗುವಿಗೂ ಕಷ್ಟವಾಗದು.

ಲೆಕ್ಕ ಸುಲಭ, ಜಾಗ ಎಲ್ಲಿದೆ? 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಗೃಹ ಇರಬೇಕೆಂದೂ ಗೊತ್ತಾಯಿತು. ಆದರೆ ಹೊಲದ ಕೂಲಿ, ಮನೆಗೆಲಸ, ಬೀದಿ ವ್ಯಾಪಾರ ಮಾಡುವ ತಾಯಿಗೆ ಯಾವ ರಜೆ? ಸಂಬಳದ ಕೆಲಸದಲ್ಲಿರುವವರಿಗೂ ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ ಸಿಗದೆ, ಶೌಚಾಲಯದಲ್ಲಿ ನಿಂತು ಹಾಲು ಹಿಂಡಿ ಚೆಲ್ಲಬೇಕಾದ ಸ್ಥಿತಿ ಇದೆ. ಒಂದು ಕುರ್ಚಿ, ಒಂದು ಚಿಲಕ, ಇಪ್ಪತ್ತು ನಿಮಿಷ. ಕೇಳುತ್ತಿರುವುದು ಇಷ್ಟೇ.

ನಿಜಕ್ಕೂ ಸಾಲದಾಗ

ಎಲ್ಲ ಪ್ರಯತ್ನದ ನಂತರವೂ ಕೆಲವು ತಾಯಂದಿರಿಗೆ ಹಾಲು ಸಾಲದಿರುವುದುಂಟು. ಥೈರಾಯ್ಡ್ ದೋಷ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಸ್ತನದ ಶಸ್ತ್ರಕ್ರಿಯೆ, ಹಾಲಿನ ಗ್ರಂಥಿಯೇ ಸರಿಯಾಗಿ ಬೆಳೆಯದಿರುವುದು ಕಾರಣವಾಗಬಹುದು. ಕೆಲವು ಔಷಧಿಗಳನ್ನು ಸೇವಿಸುವಾಗ ಹಾಲೂಡಿಸಲಾಗದು. ಆಗ ಪುಡಿಹಾಲು ಮಗುವಿನ ಜೀವ ಉಳಿಸುತ್ತದೆ. ಅದನ್ನು ಕೊಡುವ ತಾಯಿ ತಲೆ ತಗ್ಗಿಸಬೇಕಾಗಿಲ್ಲ. ಎದೆಹಾಲು ಇದ್ದಷ್ಟು ಕೊಟ್ಟು ಉಳಿದದ್ದನ್ನು ಪುಡಿಹಾಲಿನಿಂದ ತುಂಬಿಸಿದರೂ ಲಾಭವೇ. ಎಲ್ಲವೂ ಇಲ್ಲವೇ ಏನೂ ಇಲ್ಲ ಎಂಬ ನಿಯಮ ಇಲ್ಲಿಲ್ಲ.

ದಿನ ತುಂಬದ ಶಿಶುಗಳಿಗೆ ಬೇರೆ ತಾಯಂದಿರು ದಾನ ಮಾಡಿದ ಹಾಲೂ ದೊರೆಯುತ್ತದೆ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕು ಆರಂಭವಾದದ್ದು 1989ರಲ್ಲಿ, ಮುಂಬೈಯ ಸಯನ್ ಆಸ್ಪತ್ರೆಯಲ್ಲಿ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಇಂಥ ಬ್ಯಾಂಕು ತೆರೆಯಿತು. ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಆಮೇಲೆ ಕೊಡುವುದು ಕ್ರಮ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮೊದಲ ಗಂಟೆಯಲ್ಲಿ ಎದೆಹಾಲು ಪಡೆದ ಮಕ್ಕಳು ಶೇ. 41.8 ಮಾತ್ರ. ಆರು ತಿಂಗಳೊಳಗಿನವರಲ್ಲಿ ಬರಿಯ ಎದೆಹಾಲು ಕುಡಿಯುತ್ತಿದ್ದವರು ಶೇ. 63.7.

ಮತ್ತೆ ಆ ನಾಲ್ಕನೆಯ ರಾತ್ರಿಗೆ ಬರೋಣ. ಬಾಗಿಲ ಬಳಿ ನಿಂತ ಅಜ್ಜಿ ಕೆಟ್ಟವರಲ್ಲ. ಮೊಮ್ಮಗುವಿನ ಅಳು ಅವರ ಕರುಳನ್ನೂ ಹಿಂಡುತ್ತಿದೆ. ಅವರು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿ ತೇಗಿಸಬಹುದು. ಎರಡು ಗಂಟೆ ತಾವೇ ಎತ್ತಿಕೊಂಡು ಬಾಣಂತಿಗೆ ನಿದ್ದೆ ಕೊಡಬಹುದು. ಬಾಣಂತಿಗೆ ನೀರು ಕೊಡಬಾರದೆಂಬ ಹಳೆಯ ಕಟ್ಟಳೆ ಬಿಟ್ಟು, ಬಾಯಾರಿದಾಗಲೆಲ್ಲ ಒಂದು ಚೊಂಬು ನೀರು, ಹೊತ್ತಿಗೆ ಸರಿಯಾಗಿ ಬಿಸಿ ಅನ್ನ, ಸಬ್ಬಸಿಗೆ ಸೊಪ್ಪಿನ ಪಲ್ಯ ಬಡಿಸಬಹುದು. ಬೆಳಿಗ್ಗೆ ಎದ್ದು ಒದ್ದೆ ಬಟ್ಟೆಗಳನ್ನು ಎಣಿಸಬಹುದು. ಎಣಿಕೆ ಕಡಿಮೆ ಬಂದರೆ ಅಂಗಡಿಗಿಂತ ಮೊದಲು ಆಸ್ಪತ್ರೆಗೆ ಕರೆದೊಯ್ಯಬಹುದು.

ಆ ಮನೆಯಲ್ಲಿ ಪಿ.ಯು.ಸಿ. ಓದುವ ಹುಡುಗನೋ ಹುಡುಗಿಯೋ ಇದ್ದರೆ ಅವರಿಗೂ ಒಂದು ಕೆಲಸವಿದೆ. ಪ್ರೋಲ್ಯಾಕ್ಟಿನ್, ಆಕ್ಸಿಟೋಸಿನ್ ಎಂಬ ಪದಗಳನ್ನು ಅವರು ಪರೀಕ್ಷೆಗೆಂದು ಬಾಯಿಪಾಠ ಮಾಡಿರುತ್ತಾರೆ. ಅಂಕಪಟ್ಟಿ ಬಂದ ಮೇಲೆ ಮರೆತೂಬಿಡುತ್ತಾರೆ. ಅಂದು ರಾತ್ರಿ ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ಕುಳಿತು, ‘ಅಜ್ಜೀ, ಅಕ್ಕನ ಹಾಲು ಕೊಡದ ನೀರಲ್ಲ, ಬಾವಿಯ ನೀರು. ಮಗು ಸೇದಲಿ ಬಿಡಿ’ ಎಂದು ಬಿಡಿಸಿ ಹೇಳಿದರೆ ಸಾಕು. ಓದಿದ ಪಾಠ ಒಂದು ಕೂಸಿನ ಹೊಟ್ಟೆ ತುಂಬಿಸಿದಂತಾಗುತ್ತದೆ.